ಲೀಡರಮ್ಮನಿಗೊಂದು ತುತ್ತು

ಆಗಸ್ಟ್ 3, ಸೋಮವಾರ

ಈ ಪುಸ್ತಕದ ಮೊದಲ ಪುಟದಲ್ಲಿ ಅವರ ಹೆಸರನ್ನು ಸಾಲು ಸಾಲಾಗಿ ಬರೆದೆ. ಆಮೇಲೆ ನಾಚಿಕೆಯಾಗಿ ಹರಿದು ಹಾಕಿದೆ. ಇನ್ನು ಇಲ್ಲಿ ಅವರು ಬರೀ ‘ನನ್ನವರು’. ಹಾಗೆ ಬರೆಯುವಾಗಲೂ ಬೆರಳಿಗೆ ಕಚಗುಳಿಯಾಗುತ್ತದೆ. ನಕ್ಕರೆ ಅವರ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಬಲಗೆನ್ನೆಗೆ ಯಾಕೆ ಅನ್ಯಾಯ ಎಂದು ಕೇಳಿದರೆ, “ಆ ಕಡೆ ನಿನ್ನ ದಿಂಬು ಬರುತ್ತಲ್ಲ, ಒತ್ತಿ ಒತ್ತಿ ಸಪಾಟಾಗಿದೆ” ಅನ್ನುತ್ತಾರೆ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ದಿಂಬಿನ ಮೇಲೆ ಆಗಲೇ ಆರೋಪ.

ಮಾತುಕತೆಗೆ ಬಂದಾಗ ಅತ್ತೆ “ನಮ್ಮ ಮನೇಲಿ ಹೆಣ್ಣುಮಕ್ಕಳು ಜಾಸ್ತಿ” ಎಂದಿದ್ದರು. ನಾದಿನಿಯರು ಮೂರೋ ನಾಲ್ಕೋ ಇರಬಹುದು ಎಂದು ನಾನು ಅಷ್ಟೇ ಬಳೆಗಳ ಪೆಟ್ಟಿಗೆ ತಂದೆ. ಬಂದು ನೋಡಿದರೆ ಒಂದು ಹಾಸ್ಟೆಲ್ ತುಂಬ ನಾದಿನಿಯರು. ಹೆಣ್ಣುಮಕ್ಕಳು ಇಲ್ಲೇ ಉಳಿದು ಓದುವ ಮದರಸ ಇದು, ಅತ್ತೆ ಇದರ ಮುಖ್ಯಸ್ಥೆ. ಇಲ್ಲಿ ಕಲಿಸುವವರೆಲ್ಲ ಆಪಾ, ಅಂದರೆ ಅಕ್ಕ. ಹುಡುಗಿಯರಿಗೆ ಅತ್ತೆ ‘ದೊಡ್ಡ ಆಪಾ’. ಕಾಂಪೌಂಡಿನ ಮೂಲೆಯ ಎರಡು ಕೋಣೆಗಳು ನಮ್ಮವು. ನನ್ನವರು ಬೆಳಿಗ್ಗೆ ಸೈಕಲ್ಲು ಹತ್ತಿ ಪೇಟೆಯ ಗಂಡುಹುಡುಗರ ಶಾಲೆಗೆ ಲೆಕ್ಕ ಹೇಳಿಕೊಡಲು ಹೋದರೆ ಸಂಜೆಯೇ ಬರುವುದು. ಅಷ್ಟು ಹೊತ್ತು ನಾನು, ನನ್ನ ಹೆದರಿಕೆ.

ಹೆದರಿಕೆ ಒಂದೆರಡಲ್ಲ. ಹಲ್ಲಿಗೆ ಹೆದರುತ್ತೇನೆ. ಅತ್ತೆಯ ‘ಹ್ಞೂಂ’ಗೆ ಹಲ್ಲಿಗಿಂತ ಹೆಚ್ಚು. ಇವತ್ತು ಮುಂಜಾವಿನಲ್ಲಂತೂ ಯಾರೋ ಕಿಟಕಿಯ ಸರಳಿಗೆ ಕೋಲಿನಿಂದ ಟಕಟಕ ಬಡಿದರು. “ಕಳ್ಳರು” ಎಂದು ನನ್ನವರ ಅಂಗಿ ಹಿಡಿದೆ.

“ಯಾವ ಕಳ್ಳ ನಮಾಜಿಗೆ ಎಬ್ಬಿಸ್ತಾನೆ? ಅದು ಲೀಡರಮ್ಮ. ದಿನಾ ಎಲ್ಲರನ್ನೂ ಅವಳೇ ಎಬ್ಬಿಸೋದು.”

“ಅವಳನ್ನ ಯಾರು ಎಬ್ಬಿಸ್ತಾರೆ?”

“ಅದು ನನಗೂ ಗೊತ್ತಿಲ್ಲ” ಎಂದು ಮತ್ತೆ ಮಲಗಿದರು. ಮಲಗಿದಾಗಲೂ ಎಷ್ಟು ಚೆನ್ನಾಗಿ ಕಾಣುತ್ತಾರೆ.

ಆಗಸ್ಟ್ 9, ಭಾನುವಾರ

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀನು ಇಂಗ್ಲಿಷ್ ಮೀಡಿಯಮ್ ಅಲ್ವಾ? ಸುಮ್ಮನೆ ಕೂತು ಇಂಗ್ಲಿಷ್‌ಗೆ ತುಕ್ಕು ಹಿಡಿಸ್ಬೇಡ. ದೊಡ್ಡ ಹುಡುಗಿಯರಿಗೆ ಕಲಿಸು” ಎಂದರು. ನಾನು ‘ಹೂಂ’ ಎಂದೆ. ಅವರು ‘ಹ್ಞೂಂ’ ಎಂದರು. ಅಲ್ಲಿಂದ ಓಡಿ ಬಂದೆ.

ಕ್ಲಾಸಿನಲ್ಲಿ ಗದ್ದಲವೋ ಗದ್ದಲ. “ಅತ್ತಿಗೆ, ಅಣ್ಣ ನಿಮ್ಮ ಜೊತೆ ಇಂಗ್ಲಿಷಲ್ಲೇ ಜಗಳ ಆಡ್ತಾರಾ?” ಎಂದು ಒಬ್ಬಳು. “ಇನ್ನೂ ಜಗಳದ ಪಾಠಕ್ಕೆ ಬಂದಿಲ್ಲ ಕಣೇ, ಈಗ ಪೀಠಿಕೆ” ಎಂದು ಇನ್ನೊಬ್ಬಳು. ನಾನು ಕೆಂಪಾಗಿ ನಿಂತಿದ್ದೆ. ಆಗ ಬಾಗಿಲಲ್ಲಿ ಒಂದು ನೆರಳು ಬಿತ್ತು. ಇಡೀ ಕೋಣೆ ನೀರು ಹೊಯ್ದ ಒಲೆಯಂತೆ ಸುಮ್ಮನಾಯಿತು.

ಅವಳೇ ಲೀಡರಮ್ಮ. ಹದಿನೇಳರ ಹುಡುಗಿ, ಅಳತೆಕೋಲಿನ ಹಾಗೆ ನೆಟ್ಟಗೆ. ಕುರ್‌ಆನ್ ಪೂರ್ತಿ ಬಾಯಿಪಾಠ ಮಾಡಿದ್ದಾಳೆ. ಚಿಕ್ಕವರ ಜಡೆ, ಜ್ವರ, ಜಗಳ, ಊಟದ ಸಾಲು, ಮುಂಜಾವಿನ ಕೋಲು, ಎಲ್ಲವೂ ಅವಳ ತಲೆಯ ಮೇಲೆ. ಸುಮ್ಮನೆ ನಿಂತಳು, ಅಷ್ಟೇ. ನಿಜ ಹೇಳಬೇಕೆಂದರೆ ನನಗೂ ಭಯವಾಯಿತು. ನನಗಿಂತ ಆರು ವರ್ಷ ಚಿಕ್ಕವಳು.

ಅವಳ ಕೈ ನೋಡಿದೆ. ಬೆರಳ ಸಂದುಗಳಲ್ಲಿ ಚರ್ಮ ಒಡೆದು ಬಿರುಕಾಗಿದೆ. ಪಾಪ, ಎಷ್ಟು ಚೊಕ್ಕಟದ ಹುಡುಗಿ, ಸದಾ ಕೈ ತೊಳೆಯುತ್ತಾಳೆ ಎಂದುಕೊಂಡು ನನ್ನ ಮದುವೆ ಪೆಟ್ಟಿಗೆಯ ಕೋಲ್ಡ್ ಕ್ರೀಮ್ ಕೊಟ್ಟೆ. ಗುಲಾಬಿ ವಾಸನೆಯದು, ನನ್ನವರಿಗೆ ಇಷ್ಟವಾದದ್ದು. ತ್ಯಾಗ ಅಂದರೆ ಇದು.

ಆಗಸ್ಟ್ 17, ಸೋಮವಾರ

ಇವತ್ತಿನ ಸಾಲುಗಳೆಲ್ಲ ಸೊಟ್ಟ. ಅಕ್ಷರ ನೋಡಿದರೆ ನನಗೇ ನಗು ಬರುವ ಹಾಗಿದೆ, ಆದರೆ ಬರುತ್ತಿಲ್ಲ.

ಸಂಜೆ ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದೆ. ನೀರಿನ ಟ್ಯಾಂಕಿನ ಆಚೆ, ಗಿಡ್ಡ ಗೋಡೆಯ ಮೇಲೆ ಲೀಡರಮ್ಮ ನಿಂತಿದ್ದಳು. ಗೋಡೆಯ ಹಿಂದೆ ಅಲ್ಲ, ಮೇಲೆ. ದುಪಟ್ಟಾ ಗಾಳಿಗೆ ಹಾರುತ್ತಿತ್ತು. ಕೂಗಿದರೆ ಬೆಚ್ಚಿ ಬಿದ್ದಾಳು, ಕೂಗದಿದ್ದರೆ ಏನಾದೀತು. ಕೈಯಲ್ಲಿದ್ದ ಬಟ್ಟೆಯ ಬುಟ್ಟಿ ತಾನೇ ಜಾರಿ ಬಿತ್ತು.

ಅವಳು ತಿರುಗಿ ನೋಡಿ, ಮೆಟ್ಟಿಲು ಇಳಿದಷ್ಟು ಸಲೀಸಾಗಿ ಕೆಳಗಿಳಿದಳು. ಚೆಲ್ಲಿದ ಬಟ್ಟೆಯನ್ನೆಲ್ಲ ಆರಿಸಿ, ಮಡಚಿ ಬುಟ್ಟಿಗೆ ಹಾಕಿದಳು. ನನ್ನವರ ಬನಿಯನ್ನು ಕೂಡ.

“ಗಾಳಿಗೆ ಬಂದಿದ್ದೆ ಅತ್ತಿಗೆ.”

“ಗೋಡೆ ಮೇಲಾ?”

“ನೀವು ಏನೂ ನೋಡಿಲ್ಲ. ದೊಡ್ಡ ಆಪಾಗೆ ಗೊತ್ತಾದ್ರೆ ನನ್ನನ್ನ ಮನೆಗೆ ಕಳಿಸ್ತಾರೆ. ಮನೇಲಿ ಅಬ್ಬಾ ಬೀದಿಗೆಲ್ಲ ಹೇಳ್ಕೊಂಡಿದ್ದಾರೆ, ಮಗಳು ಕುರ್‌ಆನ್ ಪೂರ್ತಿ ಬಾಯಿಪಾಠ ಮಾಡಿ ಹಾಫಿಝಾ ಆಗಿ ಬರ್ತಾಳೆ ಅಂತ. ಅರ್ಧಕ್ಕೆ ಹೋದ್ರೆ ಅವರು ಮುಖ ಎತ್ತಿ ಓಡಾಡೋ ಹಾಗಿಲ್ಲ. ನೀವು ಹೇಳಲ್ಲ ತಾನೆ?”

ನಾನು ತಲೆಯಾಡಿಸಿದೆ. ಹೌದು ಎಂದು ಆಡಿಸಿದೆನೋ ಇಲ್ಲ ಎಂದೋ ನನಗೇ ಗೊತ್ತಿಲ್ಲ. ಅವಳು ಮಾತ್ರ ಮಾತು ಕೊಟ್ಟೆ ಎಂದು ತಿಳಿದುಕೊಂಡು ಇಳಿದು ಹೋದಳು.

ಆಗಸ್ಟ್ 18, ಮಂಗಳವಾರ

ನನ್ನವರಿಗೆ ಹೇಳಲಿಲ್ಲ. ಮದುವೆಯಾದ ಮೇಲಿನ ಮೊದಲ ಗುಟ್ಟು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಿದೆ, ನುಂಗಲೂ ಆಗದು, ಉಗುಳಲೂ ಆಗದು. ಟೆರೇಸಿನ ಕಡೆಯಿಂದ ಏನು ಸದ್ದಾದರೂ ಬೆಚ್ಚಿಬೀಳುತ್ತೇನೆ. ಮಧ್ಯಾಹ್ನ ಒಂದು ತೆಂಗಿನಗರಿ ಬಿತ್ತು, ಚಪ್ಪಲಿ ಇಲ್ಲದೆ ಅಂಗಳಕ್ಕೆ ಓಡಿದ್ದೆ.

ಆಗಸ್ಟ್ 25, ಮಂಗಳವಾರ

ಇವತ್ತು ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೆ ಬೋರ್ಡು ಒರೆಸುತ್ತಿದ್ದಳು. “ನಿನಗೆ ಏನಾಗಿದೆ, ನನಗಾದರೂ ಹೇಳು” ಎಂದೆ.

ಬಹಳ ಹೊತ್ತು ಒರೆಸಿದ ಜಾಗವನ್ನೇ ಒರೆಸಿದಳು. ಆಮೇಲೆ ಗೋಡೆಗೆ ಹೇಳುವಂತೆ, “ಇಲ್ಲಿ ಎಲ್ಲರಿಗೂ ನಾನು ಲುಕ್ಮಾ ಕೊಡ್ತೀನಿ ಅತ್ತಿಗೆ. ನನಗೆ ಲುಕ್ಮಾ ಕೊಡೋರು ಯಾರೂ ಇಲ್ಲ” ಎಂದಳು.

ನನ್ನ ಕಣ್ಣಲ್ಲಿ ನೀರು ತುಂಬಿತು. ಲುಕ್ಮಾ ಅಂದರೆ ತುತ್ತು. ನನ್ನ ಅಜ್ಜಿ ಹಿಂದೆ ಹಿಂದೆ ಓಡಾಡಿ “ಇನ್ನೊಂದು ಲುಕ್ಮಾ, ಇನ್ನೊಂದೇ ಒಂದು” ಎಂದು ಬಾಯಿಗಿಡುತ್ತಿದ್ದರು. ಈ ಹುಡುಗಿ ಎಲ್ಲರಿಗೂ ಬಡಿಸಿ ತಾನು ಉಪವಾಸ ಇರುತ್ತಾಳೆ. ಯಾರಿಗೂ ಗೊತ್ತೇ ಆಗಿಲ್ಲ. ಹಸಿದವರಿಗೆ ತಲೆ ಸುತ್ತಿ ಏನೇನೋ ಯೋಚನೆ ಬರುವುದು ಸಹಜ.

ಭಯ ಅರ್ಧ ಇಳಿಯಿತು. ಹಸಿವಿಗೆ ನನ್ನಲ್ಲಿ ಮದ್ದಿದೆ.

ಆಗಸ್ಟ್ 29, ಶನಿವಾರ

ದಿನವೂ ಕ್ಲಾಸಾದ ಮೇಲೆ ಉಗ್ರಾಣದ ಕೋಣೆಯಲ್ಲಿ, ಅಕ್ಕಿ ಮೂಟೆಗಳ ನಡುವೆ, ಅವಳಿಗೆ ತುತ್ತು. ಬ್ರೆಡ್ಡಿನೊಳಗೆ ಮೊಟ್ಟೆ, ಒಮ್ಮೊಮ್ಮೆ ಬಾಳೆಹಣ್ಣು. “ಬೇಡ ಅತ್ತಿಗೆ” ಅನ್ನುತ್ತಾಳೆ. “ಬೇಡ ಅಂದವರಿಗೇ ಬೇಕಿರೋದು” ಎಂದು ನಾನೇ ಬಾಯಿಗಿಡುತ್ತೇನೆ. ಕಣ್ಣರಳಿಸಿ ನೋಡುತ್ತಾ ಅಗಿಯುತ್ತಾಳೆ.

ಅಡುಗೆಯಾಕೆ, “ಸೊಸೆ ಮೇಡಮ್ಮು ದಿನಾ ಎರಡೆರಡು ಮೊಟ್ಟೆ ಒಯ್ತಾರೆ, ಏನಾದ್ರೂ ವಿಶೇಷಾನಾ?” ಎಂದು ಹೊಟ್ಟೆ ನೋಡಿದರು. ನಾಚಿ ನೀರಾದೆ. ಸಂಜೆಯೊಳಗೆ ಅತ್ತೆಯವರೆಗೂ ಸುದ್ದಿ ಹೋಗುತ್ತದೆ ಎಂದು ನಡುಕ ಬೇರೆ.

ಸೆಪ್ಟೆಂಬರ್ 2, ಬುಧವಾರ

ಇವತ್ತು ಅವಳು ನಕ್ಕಳು. ಮೊದಲ ಸಲ. ನಕ್ಕದ್ದು ನನ್ನ ಪೆದ್ದುತನಕ್ಕೆ.

“ನಿನಗೆ ಲುಕ್ಮಾ ಕೊಡೋರು ಇಲ್ಲ ಅನ್ನಬೇಡ ಇನ್ನು, ನಾನಿದ್ದೀನಲ್ಲ” ಎಂದು ಬ್ರೆಡ್ಡು ಮುಂದೆ ಹಿಡಿದೆ. ಅವಳು ಬ್ರೆಡ್ಡನ್ನೂ ನನ್ನನ್ನೂ ನೋಡಿದಳು. ತುಟಿ ಅದುರಿತು. ಆಮೇಲೆ ಅಕ್ಕಿ ಮೂಟೆಯ ಮೇಲೆ ಉರುಳಿ ಬಿದ್ದು ನಕ್ಕಳು, ನಕ್ಕು ನಕ್ಕು ಕೊನೆಗೆ ಅಳುತ್ತಿದ್ದಳು.

“ಅತ್ತಿಗೆ, ಅದಕ್ಕಾ ಇಷ್ಟು ದಿನ ಮೊಟ್ಟೆ ತಿನ್ನಿಸಿದ್ದು? ನನಗೆ ಮೊಟ್ಟೆ ಅಂದ್ರೆ ಆಗೋದೇ ಇಲ್ಲ.”

ಕುರ್‌ಆನನ್ನು ನೋಡದೆ ಓದುವವರು ನಡುವೆ ಒಂದು ಪದ ಮರೆತು ನಿಂತರೆ, ಕೇಳುತ್ತಿರುವವರು ಮೆಲ್ಲಗೆ ಆ ಪದ ಹೇಳಿಕೊಡುತ್ತಾರಂತೆ. ಅದನ್ನು ಹಿಡಿದುಕೊಂಡು ಓದುವವರು ಮುಂದೆ ಹೋಗುತ್ತಾರಂತೆ. ಹಾಗೆ ಹೇಳಿಕೊಡುವುದಕ್ಕೆ ಲುಕ್ಮಾ ಕೊಡುವುದು ಎನ್ನುತ್ತಾರೆ. ಮಾತಿನ ತುತ್ತು. ಕಾನ್ವೆಂಟಿನಲ್ಲಿ ಹದಿನಾಲ್ಕು ವರ್ಷ ಓದಿದ ನನಗೆ ಇದು ಯಾರು ಹೇಳಬೇಕಿತ್ತು.

“ಹಾಗಾದರೆ ನಿನಗೆ ಯಾಕೆ ಯಾರೂ ಕೊಡಲ್ಲ? ಎಲ್ಲರಿಗೂ ಬರುತ್ತಲ್ಲ.”

“ಲೀಡರ್ ಆದ ಮೇಲೆ ನಿಂತುಹೋಯ್ತು. ಲೀಡರಮ್ಮ ತಪ್ಪಲ್ಲ ಅಂತ ಅವರ ನಂಬಿಕೆ. ನಾನು ತಪ್ಪು ಓದಿದ್ರೂ ನಮ್ಮ ನೆನಪೇ ತಪ್ಪಿರಬೇಕು ಅಂತ ಸುಮ್ಮನಿರ್ತಾರೆ. ಬೇಕಂತಲೇ ಒಂದು ಸಲ ತಪ್ಪು ಓದಿ ನೋಡಿದೆ ಅತ್ತಿಗೆ. ಒಬ್ಬಳೂ ಬಾಯಿ ತೆಗೀಲಿಲ್ಲ. ಅವತ್ತಿಂದ ನಾನು ಓದಿದ್ದು ಸರೀನಾ ತಪ್ಪಾ ನನಗೇ ಗೊತ್ತಾಗಲ್ಲ. ನಮಾಜಿಗೆ ಮುಂಚೆ ಕೈಕಾಲು ತೊಳೀತೀನಿ, ತೊಳೆದೆನಾ ಇಲ್ವಾ ಅಂತ ಅನುಮಾನ. ಮತ್ತೆ ತೊಳೀತೀನಿ. ಮತ್ತೆ ಅನುಮಾನ.”

ಗುಲಾಬಿ ವಾಸನೆಯ ಕ್ರೀಮ್ ನೆನಪಾಗಿ ನನಗೆ ಎಲ್ಲಿಗಾದರೂ ಓಡಿಹೋಗಬೇಕು ಅನಿಸಿತು.

ಹಾಫಿಝಾ ಎನಿಸಿಕೊಳ್ಳಲು ಅಕ್ಟೋಬರಿನಲ್ಲಿ ಅವಳು ಎಲ್ಲರ ಮುಂದೆ ಕೂರಬೇಕು. ಬೆಳಗಿನಿಂದ ಸಂಜೆಯವರೆಗೆ, ನಮಾಜಿಗೂ ಊಟಕ್ಕೂ ಬಿಟ್ಟರೆ ಏಳುವ ಹಾಗಿಲ್ಲ, ಇಡೀ ಕುರ್‌ಆನ್ ನೋಡದೆ ಓದಬೇಕು. ಬೇರೆ ಮದರಸಗಳ ಆಪಾಗಳೂ ಬರುತ್ತಾರೆ.

ಕೊನೆಗೂ ಕೇಳಿಬಿಟ್ಟೆ, “ಅವತ್ತು ಗೋಡೆ ಮೇಲೆ, ಬೀಳಬೇಕು ಅಂತಿತ್ತಾ?”

“ಅಲ್ಲಿ ನಿಂತ್ರೆ ಯಾರೂ ‘ಲೀಡರಮ್ಮ’ ಅಂತ ಕರೆಯಲ್ಲ ಅಂತ ಹೋಗ್ತಿದ್ದೆ.” ಆಮೇಲೆ ಊಟವಾಯಿತು ಎಂದು ಹೇಳುವಷ್ಟೇ ಸಹಜವಾಗಿ ಹೇಳಿದಳು, “ಬಿದ್ರೆ ಆ ದಿನ ಕೂರೋದು ತಪ್ಪುತ್ತಲ್ಲ ಅಂತ ಒಂದೊಂದ್ಸಲ ಅನ್ಸುತ್ತೆ.”

ಸೆಪ್ಟೆಂಬರ್ 3, ಗುರುವಾರ

ಭಯ. ಬೇರೆ ಏನೂ ಬರೆಯಲು ಇಲ್ಲ.

ಸೆಪ್ಟೆಂಬರ್ 5, ಶನಿವಾರ

ಅವಳಿಗೆ ಹೇಳಿದೆ, “ನಾನು ಕೇಳ್ತೀನಿ. ನನಗೆ ಬಾಯಿಪಾಠ ಇಲ್ಲ, ಆದರೆ ಪುಸ್ತಕ ನೋಡಿಕೊಂಡು ಕೂರಬಹುದಲ್ಲ. ನೀನು ತಪ್ಪಿದರೆ ತಪ್ಪು ಅಂತೀನಿ. ನನಗೆ ನೀನು ಲೀಡರ್ ಅಲ್ಲ.” ಬದಲಿಗೆ ಅವಳು ಟೆರೇಸಿಗೆ ಹೋಗಬಾರದು.

“ನಿಮಗೆ ಓದೋಕೆ ಬರುತ್ತಾ?”

“ಚಿಕ್ಕವಳಿದ್ದಾಗ ಒಂದು ಸಲ ಮುಗಿಸಿದ್ದೆ. ಬೆರಳಿಟ್ಟುಕೊಂಡು ಓದ್ತೀನಿ.”

“ನಾನು ರೈಲು, ನೀವು ಎತ್ತಿನಗಾಡಿ” ಎಂದಳು. ಆದರೂ ಶುರುಮಾಡಿದಳು.

ಸೆಪ್ಟೆಂಬರ್ 14, ಸೋಮವಾರ

ನನ್ನ ಬೆರಳು ಸಾಲಿನ ಕೆಳಗೆ ಓಡಿ ಓಡಿ ಸುಸ್ತಾಗುತ್ತದೆ. ಅವಳು ಒಂದು ಪುಟದಲ್ಲಿದ್ದರೆ ನಾನು ಅದರ ಹಿಂದಿನ ಪುಟದಲ್ಲಿರುತ್ತೇನೆ. ಆದರೂ ಒಂದೆರಡು ಸಲ ನಿಜವಾಗಿ ಹಿಡಿದೆ. “ತಪ್ಪು” ಎಂದೆ. ಅವಳು ನಿಂತು, ಯೋಚಿಸಿ, “ಹೌದು, ತಪ್ಪು” ಎಂದಳು. ಅವಳ ಮುಖ ನೋಡಬೇಕಿತ್ತು. ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ನೋಡಿಯೇ ಇಲ್ಲ.

ನನ್ನ ಉಚ್ಚಾರಣೆಯ ಕತೆ ಮಾತ್ರ ಕೇಳಬಾರದು. ಅರಬ್ಬಿಯಲ್ಲಿ ಎರಡು ‘ಕ’ ಇವೆ. ಒಂದು ಬಾಯೊಳಗಿನದು, ಇನ್ನೊಂದು ಗಂಟಲ ಆಳದ್ದು. ಗಂಟಲಿನ ‘ಕ’ ಇಟ್ಟು ‘ಕಲ್ಬ್’ ಎಂದರೆ ಹೃದಯ. ಬಾಯಿಯ ‘ಕ’ ಇಟ್ಟರೆ ನಾಯಿ. ನನ್ನ ಬಾಯಲ್ಲಿ ಹೃದಯವೆಲ್ಲ ನಾಯಿ.

“ಅತ್ತಿಗೆ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದೆ ಅಂದ್ಕೊಳ್ಳಿ, ಅದನ್ನ ಹೊರಗೆ ತಳ್ಳಿ. ಕ.”

“ಕ.”

“ಬೊಗಳಿತು. ಇನ್ನೊಂದ್ಸಲ.”

ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೆ. ನನ್ನವರು ಗಾಬರಿಯಿಂದ ನೀರು ತಂದುಕೊಟ್ಟು ಬೆನ್ನು ತಟ್ಟಿದರು. ಆಮೇಲೆ, “ಈಚೆಗೆ ನೀನು ನನ್ನ ಮಾತು ಅರ್ಧ ಕೇಳ್ತೀಯ, ಅರ್ಧ ಟೆರೇಸ್ ನೋಡ್ತೀಯ” ಎಂದರು. ಹೌದೇ? ಇರಲಿಕ್ಕಿಲ್ಲ.

ಸೆಪ್ಟೆಂಬರ್ 21, ಸೋಮವಾರ

ಮಧ್ಯಾಹ್ನ ಅವಳು ಉಗ್ರಾಣಕ್ಕೆ ಬರಲಿಲ್ಲ. ಕ್ಲಾಸಿನಲ್ಲಿಲ್ಲ, ಊಟದ ಮನೆಯಲ್ಲಿಲ್ಲ. ಟೆರೇಸಿನ ಮೆಟ್ಟಿಲನ್ನು ಹೇಗೆ ಹತ್ತಿದೆನೋ ತಿಳಿಯದು. ಅಲ್ಲಿ ಯಾರೂ ಇಲ್ಲ. ಗೋಡೆಯಿಂದ ಕೆಳಗೆ ಬಗ್ಗಿ ನೋಡಬೇಕಿತ್ತು. ಕಣ್ಣು ಮುಚ್ಚಿಕೊಂಡೇ ಬಗ್ಗಿದೆ, ಆಮೇಲೆ ತೆರೆದೆ. ಕೆಳಗೆ ಬರೀ ಒಣಗಲು ಹಾಕಿದ ಚಾಪೆಗಳು.

ಹಿಂದಿನ ನಲ್ಲಿಗಳ ಸಾಲಿನಲ್ಲಿ ಸಿಕ್ಕಳು. ನಲ್ಲಿ ಪೂರ್ತಿ ಬಿಟ್ಟುಕೊಂಡು ಮೊಣಕೈವರೆಗೆ ತೊಳೆಯುತ್ತಿದ್ದಳು. ತೋಳಿನಿಂದ ಇಳಿಯುವ ನೀರಿಗೆ ತಿಳಿಗೆಂಪು ಬಣ್ಣ. ಚರ್ಮ ಒಡೆದು ರಕ್ತ. ನಾನು ಪಕ್ಕದಲ್ಲಿ ನಿಂತರೂ ಅವಳಿಗೆ ಗೊತ್ತಾಗಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು.

ನಲ್ಲಿ ನಿಲ್ಲಿಸಿದೆ. “ಆಯ್ತು” ಎಂದೆ. “ತೊಳೆದದ್ದು ಆಯ್ತು. ನಾನು ನೋಡಿದೆ.”

“ಈ ಬೆರಳಿನ ಸಂದಿ?”

“ಅದೂ ಆಯ್ತು. ನೋಡಿದೆ.”

ಅವಳು ಒದ್ದೆ ಕೈ ಚಾಚಿಕೊಂಡೇ ನಿಂತಿದ್ದಳು. ನನ್ನ ದುಪಟ್ಟಾದಲ್ಲಿ ಒರೆಸಿದೆ. ಮದುವೆಗೆ ಅಮ್ಮಿ ಕೊಟ್ಟ ರೇಷ್ಮೆಯದು. ಕಲೆ ಹೋಗುವುದಿಲ್ಲ ಎಂದು ಕಾಣುತ್ತದೆ.

ಇದು ನನ್ನ ಕೈ ಮೀರಿದ್ದು. ಮೊಟ್ಟೆ, ಬ್ರೆಡ್ಡು, ಬೆರಳಿಟ್ಟು ಓದುವುದು, ಇಷ್ಟರಲ್ಲಿ ಗುಣವಾಗುವುದಲ್ಲ. ನಾಳೆ ಅತ್ತೆಗೆ ಹೇಳುತ್ತೇನೆ. ಮಾತು ತಪ್ಪಿದವಳಾಗುತ್ತೇನೆ. ಆಗಲಿ.

ಸೆಪ್ಟೆಂಬರ್ 22, ಮಂಗಳವಾರ

ಹೇಳಿದೆ.

ಅತ್ತೆ ಆಫೀಸಿನ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ನಾನು ನಿಂತೇ ಹೇಳಿದೆ, ಮೊದಲಿನಿಂದ ಕೊನೆಯವರೆಗೆ, ಉಸಿರು ಬಿಡದೆ. ಮೊಟ್ಟೆಯ ವಿಷಯ ಕೂಡ.

“ಗೋಡೆ ಮೇಲೆ ನೋಡಿದ್ದು ಯಾವಾಗ?”

“ಆಗಸ್ಟಿನಲ್ಲಿ ಅತ್ತೆ.”

“ಆಗಸ್ಟಿನಲ್ಲಿ ನೋಡಿದ್ದು. ಸೆಪ್ಟೆಂಬರ್ ಮುಗೀತಾ ಬಂದಾಗ ಹೇಳ್ತಿದ್ದೀಯ.” ಅವರ ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ವಾಸಿಯಿತ್ತು. “ಈ ನಡುವೆ ಏನಾದ್ರೂ ಆಗಿದ್ರೆ?”

ಅದೇ ಪ್ರಶ್ನೆಯನ್ನು ನಾನು ದಿನವೂ ಕೇಳಿಕೊಂಡಿದ್ದೆ.

“ಯಾಕೆ ಬಂದು ಹೇಳ್ಲಿಲ್ಲ?”

“ನಿಮಗೆ ಹೆದರಿ.”

“ನನ್ನ ಕಂಡ್ರೆ ಅಷ್ಟು ಭಯಾನಾ ನಿನಗೆ?”

“ಹೂಂ.”

ಕನ್ನಡಕ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು. ಕನ್ನಡಕವಿಲ್ಲದ ಅತ್ತೆಯ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಡಗೆನ್ನೆಯಲ್ಲಿ ನನ್ನವರ ಗುಳಿಯ ಜಾಗದಲ್ಲೇ ಒಂದು ಗೆರೆ.

“ಸೊಸೆಗೇ ಇಷ್ಟು ಭಯ ಇದ್ರೆ ಆ ಹುಡುಗಿಗೆ ಎಷ್ಟಿರ್ಬೇಕು” ಎಂದರು, ನನಗಲ್ಲ, ಮೇಜಿಗೆ.

ಆಮೇಲೆ ಎದ್ದು ತಾವೇ ಹೋಗಿ ಟೆರೇಸಿನ ಬಾಗಿಲಿಗೆ ಬೀಗ ಹಾಕಿದರು. ಅವಳ ಹಾಸಿಗೆಯನ್ನು ತಮ್ಮ ಕೋಣೆಗೆ ತರಿಸಿದರು. ಮನಸ್ಸಿನ ಕಾಯಿಲೆ ನೋಡುವ ಒಬ್ಬರು ಡಾಕ್ಟರಮ್ಮ ಪೇಟೆಯಲ್ಲಿದ್ದಾರೆ, ನಾಳೆಯೇ ಕರೆದುಕೊಂಡು ಹೋಗುತ್ತಾರಂತೆ. ಲೀಡರ್ ಕೆಲಸ ಬೇರೆಯವರಿಗೆ ಎಂದಾಗ ಮಾತ್ರ ನಾನು ಬಾಯಿ ಹಾಕಿದೆ.

“ಪೂರ್ತಿ ಕಿತ್ತುಕೊಳ್ಳಬೇಡಿ ಅತ್ತೆ. ಬಿದ್ದೇ ಹೋದೆ ಅಂದುಕೊಳ್ತಾಳೆ. ಹಂಚಿಕೊಡಿ. ಕೋಲು ಒಬ್ಬಳಿಗೆ, ಊಟದ ಸಾಲು ಇನ್ನೊಬ್ಬಳಿಗೆ. ಏನು ಇಟ್ಟುಕೊಳ್ತೀಯ ಅಂತ ಅವಳನ್ನೇ ಕೇಳಿ.”

“ಹ್ಞೂಂ” ಎಂದರು. ಈ ಸಲದ್ದು ಯಾವ ಹ್ಞೂಂ ಎಂದು ತಿಳಿಯಲಿಲ್ಲ.

ಸೆಪ್ಟೆಂಬರ್ 23, ಬುಧವಾರ

ಡಾಕ್ಟರಮ್ಮನ ಹತ್ತಿರ ಹೋಗಿ ಬಂದಳು. ಅಂಗಳದಲ್ಲಿ ಎದುರು ಸಿಕ್ಕಾಗ ನಿಂತು, “ನಿಮಗೆ ಲುಕ್ಮಾ ಕೊಡೋಕೆ ಬರಲ್ಲ, ಚಾಡಿ ಹೇಳೋಕೆ ಚೆನ್ನಾಗಿ ಬರುತ್ತೆ. ಅದಕ್ಕೆ ಉಚ್ಚಾರಣೆ ಬೇಕಿಲ್ವಲ್ಲ” ಎಂದಳು.

ಸೆಪ್ಟೆಂಬರ್ 26, ಶನಿವಾರ

ಮಾತಿಲ್ಲ. ಬಾಳೆಹಣ್ಣು ಹಾಗೇ ವಾಪಸು ಬಂತು.

ಸೆಪ್ಟೆಂಬರ್ 29, ಮಂಗಳವಾರ

ಇವತ್ತೂ ಇಲ್ಲ. ನನ್ನವರಿಗೆ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಬಹಳ ಹೊತ್ತು ಕೇಳಿಸಿಕೊಂಡು, “ಬದುಕಿದ್ದು ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ದಾಳಲ್ಲ, ಅಷ್ಟು ಸಾಕು ಅಂದ್ಕೋ” ಎಂದರು. ಅಂದುಕೊಂಡೆ. ಉಗ್ರಾಣಕ್ಕೆ ಹೋಗಿ ಒಬ್ಬಳೇ ಬೆರಳಿಟ್ಟು ಓದಿದೆ. ಮುಂದಿನ ತಿಂಗಳು ಅವಳು ಕೂರುತ್ತಾಳೋ ಬಿಡುತ್ತಾಳೋ, ನನ್ನ ಎತ್ತಿನಗಾಡಿಯಾದರೂ ನಡೆಯುತ್ತಿರಲಿ.

ಅಕ್ಟೋಬರ್ 7, ಬುಧವಾರ

ಉಗ್ರಾಣದ ಬಾಗಿಲು ತೆರೆಯಿತು. ನಾನು ತಲೆ ಎತ್ತಲಿಲ್ಲ, ಎತ್ತಿದರೆ ಸಾಲು ತಪ್ಪುತ್ತದೆ.

“ನಾಲ್ಕನೇ ಸಾಲಲ್ಲಿ ತಪ್ಪು ಓದಿದ್ರಿ.”

“ಎಲ್ಲಿ?”

“ಹೃದಯ ಬಂತಲ್ಲ, ಅಲ್ಲಿ. ಯಥಾಪ್ರಕಾರ.” ಬಂದು ಅಕ್ಕಿ ಮೂಟೆಯ ಮೇಲೆ ಕೂತಳು. ಕೈಗೆ ಡಾಕ್ಟರಮ್ಮ ಕೊಟ್ಟ ಮುಲಾಮು ಹಚ್ಚಿದ್ದಳು, ಅದಕ್ಕೆ ಯಾವ ವಾಸನೆಯೂ ಇಲ್ಲ. ವಾರಕ್ಕೊಮ್ಮೆ ಹೋಗುತ್ತಿದ್ದಾಳೆ. “ಅವರು ಜಾಸ್ತಿ ಮಾತಾಡಲ್ಲ, ಕೇಳ್ತಾರೆ. ಒಂದು ಮಾತ್ರೆ ಕೊಟ್ಟಿದ್ದಾರೆ. ಒಂದೇ ಸಲ ತೊಳಿ, ಅನುಮಾನ ಬಂದ್ರೂ ನಲ್ಲಿ ನಿಲ್ಲಿಸಿ ಬಾ ಅಂತಾರೆ. ಸುಲಭ ಅಲ್ಲ ಅತ್ತಿಗೆ.”

ದೊಡ್ಡ ಆಪಾ ಅವಳನ್ನೇ ಕೇಳಿದರಂತೆ, ಕೂರ್ತೀಯಾ, ಬೇಡವಾ, ಮುಂದಿನ ವರ್ಷಕ್ಕೆ ಹಾಕೋಣವಾ. ಅಬ್ಬಾಗೆ ತಾವೇ ಹೇಳುವುದಾಗಿ ಅಂದರಂತೆ. “ಬೇಡ ಅನ್ನೋಕೆ ಬಿಟ್ರಲ್ಲ, ಅದಕ್ಕೆ ಕೂರ್ತೀನಿ ಅಂದೆ.” ಮುಲಾಮಿನ ಕೈ ನೋಡಿಕೊಂಡು, “ಭಯ ಹೋಗಿಲ್ಲ. ನೀವು ಮುಂದಿನ ಸಾಲಲ್ಲಿ ಕೂರಿ” ಎಂದಳು.

ಅಕ್ಟೋಬರ್ 18, ಭಾನುವಾರ

ಇವತ್ತೇ. ಈಗ ಸಂಜೆ. ಗಂಟಲು ನೋಯುತ್ತಿದೆ, ಓದಿದವಳು ನಾನಲ್ಲದಿದ್ದರೂ.

ದೊಡ್ಡ ಹಾಲಿನಲ್ಲಿ ಅವಳು ಒಂದು ಗಿಡ್ಡ ಮಣೆಯ ಹಿಂದೆ, ಎದುರಿಗೆ ಅತ್ತೆ ಮತ್ತು ಬೇರೆ ಕಡೆಯಿಂದ ಬಂದ ಆಪಾಗಳು. ಸುತ್ತ ಎಲ್ಲ ಹುಡುಗಿಯರು. ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಕುರ್‌ಆನ್ ಇಟ್ಟುಕೊಂಡು, ಬೆರಳು ಸಾಲಿನ ಕೆಳಗಿಟ್ಟುಕೊಂಡು ನಾನು. ಬೆಳಿಗ್ಗೆ ನದಿಯಂತೆ ಹರಿದಳು. ಊಟಕ್ಕೆ ಎದ್ದಾಗ ನಲ್ಲಿಯ ಹತ್ತಿರ ಹಿಂತಿರುಗಿ ನೋಡಿದಳು. “ನೋಡಿದೆ” ಎಂದೆ. ಬಂದು ಕೂತಳು.

ಮಧ್ಯಾಹ್ನದ ಮೇಲೆ, ಎಲ್ಲರ ಕಣ್ಣು ಜೋಲುವ ಹೊತ್ತಿಗೆ, ನಿಂತಳು.

ಮೊದಲು ಉಸಿರಿಗೆ ನಿಂತಿರಬೇಕು ಎಂದುಕೊಂಡೆ. ಆ ಸಾಲನ್ನು ಮತ್ತೆ ಶುರುಮಾಡಿ ಅಲ್ಲೇ ನಿಂತಳು. ಮೂರನೆಯ ಸಲ ಶುರುಮಾಡಿದಾಗ ದನಿ ಒಡೆಯಿತು. ಒಂದು ಕೈ ಇನ್ನೊಂದು ಕೈಯ ಬೆರಳ ಸಂದುಗಳನ್ನು ಉಜ್ಜತೊಡಗಿತು, ನೀರಿಲ್ಲದೆ. ಹಾಲಿನಲ್ಲಿ ಫ್ಯಾನಿನ ಸದ್ದು. ಅಷ್ಟೂ ಹುಡುಗಿಯರಿಗೆ ಆ ಪದ ಗೊತ್ತಿತ್ತು, ಅವರ ತುಟಿ ನೋಡಿದರೇ ತಿಳಿಯುತ್ತಿತ್ತು. ಒಬ್ಬಳೂ ಬಾಯಿ ತೆಗೆಯಲಿಲ್ಲ. ಲೀಡರಮ್ಮನಿಗೆ ಹೇಳಿಕೊಡುವವರು ಯಾರು. ಅತ್ತೆ ಕಣ್ಣು ತಗ್ಗಿಸಿದ್ದರು, ಪರೀಕ್ಷಿಸುವವರು ಹೇಳುವ ಹಾಗಿಲ್ಲ. ಅವಳು ಕಿಟಕಿಯ ಆಚೆ ನೋಡಿದಳು, ಟೆರೇಸಿನ ಕಡೆ.

ನನ್ನ ಬೆರಳು ಆ ಪದದ ಕೆಳಗೇ ಇತ್ತು. ಹೃದಯ. ಜಗತ್ತಿನಲ್ಲಿ ಇಷ್ಟು ಪದಗಳಿದ್ದು ಅದೇ ಆಗಬೇಕೆ. ಕನ್ನಡಿ, ಮೀನಿನ ಮುಳ್ಳು, ಎಲ್ಲ ನೆನಪಿಸಿಕೊಂಡೆ. ಹೊರಗೆ ಬಂದದ್ದು ಮಾತ್ರ ಅದೇ ಬಾಯೊಳಗಿನ ‘ಕ’. ಅಷ್ಟು ದೊಡ್ಡ ಹಾಲಿನಲ್ಲಿ, ಅಷ್ಟು ಜನ ಆಪಾಗಳ ಮುಂದೆ, ಸ್ಪಷ್ಟವಾಗಿ, ಗಟ್ಟಿಯಾಗಿ, ನಾಯಿ ಎಂದೆ.

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಒಬ್ಬಳಲ್ಲ, ಇಬ್ಬರಲ್ಲ, ಇಡೀ ಹಾಲು ಒಂದೇ ಬಾಯಿಯಾಗಿ ನನ್ನನ್ನು ತಿದ್ದಿತು. ಲೀಡರಮ್ಮನನ್ನು ತಿದ್ದಲು ಹೆದರುವವರಿಗೆ ಇಂಗ್ಲಿಷ್ ಅತ್ತಿಗೆಯನ್ನು ತಿದ್ದಲು ಯಾವ ಹೆದರಿಕೆ. ಗಂಟಲ ಆಳದ ‘ಕ’ ಗೋಡೆಗೆ ಬಡಿದು ಬಂತು. ಕಲ್ಬ್.

ಅವಳು ಹುಡುಗಿಯರನ್ನು ನೋಡಿದಳು, ಸಾಲು ಸಾಲಾಗಿ, ಮೊದಲ ಸಲ ನೋಡುವವಳಂತೆ. ಉಜ್ಜುತ್ತಿದ್ದ ಕೈ ನಿಂತಿತು. ಆ ಪದ ಎತ್ತಿಕೊಂಡು ಮುಂದೆ ಹೋದಳು.

ಅದಾದ ಮೇಲೆ ಇನ್ನೂ ಎರಡು ಕಡೆ ತಡವರಿಸಿದಳು. ಎರಡೂ ಸಲ ಹಿಂದಿನಿಂದ ಸಣ್ಣ ದನಿಗಳು ತಾವೇ ಬಂದವು. ನನ್ನ ಅಗತ್ಯವೇ ಬೀಳಲಿಲ್ಲ.

ಇಷ್ಟು ತಪ್ಪಿನೊಂದಿಗೆ ಮುಗಿಸಿದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ಹೊರಗಿನಿಂದ ಬಂದ ಒಬ್ಬ ಆಪಾ ಕೇಳಿದರು. ಅತ್ತೆ, “ಲುಕ್ಮಾ ತಗೊಳ್ಳೋಕೆ ಬರೋದೂ ಓದಿನ ಭಾಗವೇ” ಎಂದರು. ಅವರು ಹೇಳಿದ ಮೇಲೆ ಯಾರು ಎದುರಾಡುತ್ತಾರೆ.

“ಬೇಕಂತಲೇ ತಪ್ಪು ಹೇಳಿದ್ಯಾ?” ಎಂದು ನನ್ನವರು ಕೇಳಿದರು. ಹೌದು ಎನ್ನಲು ಎಷ್ಟು ಆಸೆಯಾಯಿತು. ಇಲ್ಲ, ಭಯಕ್ಕೆ ನಾಲಿಗೆ ಹೊರಳಲಿಲ್ಲ.

ಅಕ್ಟೋಬರ್ 25, ಭಾನುವಾರ

ಮುಂಜಾವಿನ ಕೋಲು ಈಗ ಬೇರೆ ಹುಡುಗಿಯ ಕೈಯಲ್ಲಿ. ಅವಳು ತಾಳ ತಪ್ಪಿ ಬಡಿಯುತ್ತಾಳೆ. ನಾನು ಅದಕ್ಕೂ ಮೊದಲೇ ಎದ್ದಿರುತ್ತೇನೆ, ಯಾವಾಗಿನಿಂದ ಎಂದು ಗೊತ್ತಿಲ್ಲ. ಅಡುಗೆಮನೆಯ ಹಲ್ಲಿಯನ್ನು ಇವತ್ತು ಪೊರಕೆಯಲ್ಲಿ ಎತ್ತಿ ಹೊರಗೆ ಬಿಟ್ಟೆ, ಚಿಕ್ಕವರು ಕಿರುಚುತ್ತಿದ್ದರು. ಮೊನ್ನೆ ನಮ್ಮ ಮದುವೆಯಾಗಿ ಮೂರನೆಯ ತಿಂಗಳು ತುಂಬಿತಂತೆ, ನನ್ನವರು ಮುನಿಸಿಕೊಂಡ ಮೇಲೆ ನೆನಪಾಯಿತು. ಅಯ್ಯೋ ಪಾಪ.

ಅತ್ತೆ ಕರೆದು ಟೆರೇಸಿನ ಬೀಗದ ಕೈ ನನ್ನ ಕೈಗಿಟ್ಟರು. “ಇದು ನಿನ್ನ ಹತ್ರ ಇರಲಿ. ಅವಳನ್ನ ಒಬ್ಬಳನ್ನೇ ಬಿಡಬೇಡ. ಡಾಕ್ಟರು ಇನ್ನೂ ಸಾಕು ಅಂದಿಲ್ಲ.” ನಾನು ‘ಹ್ಞೂಂ’ ಎಂದೆ. ಅವರು ಯಾಕೋ ತಿರುಗಿ ನೋಡಿದರು.

ಸಂಜೆ ಬಟ್ಟೆ ತರಲು ಲೀಡರಮ್ಮನನ್ನು ಜೊತೆಗೆ ಕರೆದೆ. ಬೀಗ ತೆಗೆಯುವಾಗ ಬೀಗದ ಕೈ ಎರಡು ಸಲ ತಪ್ಪಿತು. ಗಿಡ್ಡ ಗೋಡೆಯ ಹತ್ತಿರ ಗಾಳಿ ಜೋರಾಗಿತ್ತು. ನಾನು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡೆ. ಒಡಕು ಚರ್ಮ ಅರ್ಧ ಮಾಗಿದೆ, ಒರಟೊರಟು. ಬುಟ್ಟಿ ತುಂಬಲು ಒಂದೇ ಕೈ ಉಳಿದಿತ್ತು, ಅವಳಿಗೂ ಒಂದೇ.

“ಅತ್ತಿಗೆ, ಯಾರು ಯಾರನ್ನ ಹಿಡ್ಕೊಂಡಿರೋದು?”

“ಸುಮ್ಮನೆ ಬಟ್ಟೆ ತೆಗಿ.”

“ನಿಮ್ಮ ಕೈ ಬೆವರ್ತಿದೆ.”

“ಬೆವರಲಿ.”

ಕೆಳಗಿಳಿದು, ಬೀಗ ಹಾಕಿ, ಒಮ್ಮೆ ಎಳೆದು ನೋಡಿದೆ. ಮೆಟ್ಟಿಲ ಅರ್ಧಕ್ಕೆ ಬಂದಾಗ ಅನುಮಾನವಾಯಿತು. ಹಾಕಿದೆನಾ ಇಲ್ಲವಾ. ಮತ್ತೆ ಮೇಲೆ ಹೋಗಲು ತಿರುಗಿದೆ.

ಅವಳು ಬುಟ್ಟಿಯನ್ನು ಸೊಂಟಕ್ಕೆ ಸರಿಸಿಕೊಂಡು ದಾರಿಗೆ ಅಡ್ಡ ನಿಂತಳು.

“ಹಾಕಿದ್ರಿ” ಎಂದಳು. “ನಾನು ನೋಡಿದೆ.”